ಮಿಂಚಂಚೆಯ ಶಿಷ್ಟಾಚಾರ

ಒಂದೇ ಓಲೆ ಏಕಕಾಲಕ್ಕೆ ಅನೇಕರ ಕೈಸೇರುವ ವಿದ್ಯುನ್ಮಾನ ಪತ್ರವ್ಯವಹಾರದಲ್ಲಿ ಬರೆಯುವವರು ಪಾಲಿಸತಕ್ಕ ಮರ್ಯಾದೆಗಳ ಸಮುಚ್ಚಯ. ಬಳಕೆಯಿಂದ ರೂಢಿಗೊಂಡಿದ್ದ ಈ ನಿಯಮಗಳನ್ನು 1995ರ ಅಕ್ಟೋಬರಿನಲ್ಲಿ ಸ್ಯಾಲಿ ಹ್ಯಾಂಬ್ರಿಜ್ ಅವರು ಆರ್‌ಎಫ್‌ಸಿ 1855 ಎಂಬ ದಸ್ತಾವೇಜಿನಲ್ಲಿ ಕ್ರೋಡೀಕರಿಸಿದರು. ಸಾಲಿಗೆ 65 ಅಕ್ಷರಗಳೊಳಗಿನ ಮಿತಿ, ಸಹಿಗೆ 4 ಸಾಲುಗಳ ಮಿತಿ ಮುಂತಾದವು, ನಿಮಿಷದ ಲೆಕ್ಕದಲ್ಲಿ ಹಣ ತೆತ್ತು ಜಾಲವನ್ನು ಬಳಸುತ್ತಿದ್ದ ಕಾಲದವಾದುದರಿಂದ, ಇಂದು ಸಡಿಲಗೊಂಡಿವೆ.

ಸಡಿಲಗೊಳ್ಳಬಾರದುದು ಉತ್ತರಿಸುವ ವಿಧಾನ. ಹಿಂದಿನ ಓಲೆಗಳನ್ನೆಲ್ಲ ಬಾಲದಂತೆ ಎಳೆದುಕೊಂಡು ಬಂದು ‘ಆಗಲಿ’ ಎಂಬ ಒಂದೇ ಮಾತನ್ನು ನೂರು ಜನರಿಗೆ ಮುಟ್ಟಿಸುವುದು, ಅಷ್ಟೂ ಜನರ ಗಮನವನ್ನು ಅಪಹರಿಸಿದಂತೆಯೇ ಸರಿ. ತಾನು ಉತ್ತರಿಸುತ್ತಿರುವ ಎರಡು ಸಾಲುಗಳನ್ನಷ್ಟೇ ಉದ್ಧರಿಸಿ, ಅವುಗಳ ಕೆಳಗೆ ತನ್ನ ಅಭಿಪ್ರಾಯವನ್ನು ನಿವೇದಿಸಿ, ಒಬ್ಬರಿಗೆ ಮಾತ್ರ ಸಲ್ಲತಕ್ಕುದನ್ನು ಒಬ್ಬರಿಗೇ ಕಳುಹುವುದು ಸೌಜನ್ಯ. ವಿಷಯ ಬದಲಾದೊಡನೆ ಶಿರೋನಾಮೆಯೂ ಬದಲಾಗತಕ್ಕುದು. ಖಾಸಗಿಯಾಗಿ ಬಂದ ಓಲೆಯನ್ನು ಬರೆದವರ ಅನುಮತಿಯಿಲ್ಲದೆ ಸಭೆಯ ಮುಂದಿಡುವುದಂತೂ ವಿಶ್ವಾಸದ್ರೋಹ.

ಸಿಟ್ಟಿನಲ್ಲಿ ಬರೆದ ಉತ್ತರವನ್ನು ಒಂದು ರಾತ್ರಿ ತಡೆದಿಟ್ಟು ಕಳುಹಬೇಕೆಂಬುದು ಆ ದಸ್ತಾವೇಜಿನ ಅತ್ಯಂತ ವಿವೇಕಯುತವಾದ ಸೂಚನೆ. ಧ್ವನಿಯ ಏರಿಳಿತವಾಗಲಿ ಮುಖದ ಮಂದಹಾಸವಾಗಲಿ ಅಕ್ಷರಗಳೊಡನೆ ಪಯಣಿಸುವುದಿಲ್ಲವಷ್ಟೆ. ಇಂಗ್ಲಿಷಿನಲ್ಲಿ ದೊಡ್ಡಕ್ಷರಗಳಲ್ಲೇ ಬರೆಯುವುದು ಅರಚಾಟವೆನಿಸುತ್ತದೆ. ಕನ್ನಡ ಲಿಪಿಗೆ ಆ ಭೇದವಿಲ್ಲ. ಆದರೆ ಸಾಲುಗಟ್ಟಿದ ಆಶ್ಚರ್ಯಸೂಚಕ ಚಿಹ್ನೆಗಳೂ, ‘ತಾವು’ ಎಂಬಲ್ಲಿ ಥಟ್ಟನೆ ಬಂದೊದಗುವ ‘ನೀನು’ ಎಂಬ ಸಂಬೋಧನೆಯೂ ಅದೇ ಕೆಲಸವನ್ನು ಮಾಡುತ್ತವೆ.