ಇಸುಬು ಒಳಕ್ಕೆ ಇಳಿಯುವುದೆ?

ಮಗುವಿನ ಕೆನ್ನೆ ಕೆಂಪೇರಿ ನೀರೊಡೆದಾಗ ನಮ್ಮ ಮನೆಗಳ ಹಿರಿಯರು ಆಡುವ ಮಾತೊಂದುಂಟು: "ಔಷಧ ಹಚ್ಚಬೇಡಿ, ಬರುವುದೆಲ್ಲ ಹೊರಗೆ ಬಂದುಬಿಡಲಿ. ತಡೆದರೆ ಒಳಕ್ಕೆ ಇಳಿದು ಉಬ್ಬಸವಾದೀತು." ಈ ಭಯ ನಮ್ಮ ಅಜ್ಜಿಯರಿಗೆ ಮಾತ್ರ ಇದ್ದುದಲ್ಲ. ಯೂರೋಪಿನ ವೈದ್ಯರಲ್ಲಿಯೂ ಬಹುಕಾಲ ಇದೇ ಭಾವನೆಯಿತ್ತು. ಇಸುಬಿಗೆ ಅವರಿತ್ತ ಎಕ್ಸಿಮಾ ಎಂಬ ಹೆಸರು ಗ್ರೀಕ್ ಮೂಲದ್ದು. ಕುದಿದು ಉಕ್ಕುವುದೆಂದು ಅದರ ಅರ್ಥ. ದೇಹದೊಳಗಿನ ಕೆಟ್ಟ ರಸ ಉಕ್ಕಿ ಹೊರಬೀಳುತ್ತಿದೆಯೆಂದು ಬಗೆದವರು ಅದಕ್ಕೆ ಅಡ್ಡಬರುವುದುಂಟೆ?

ಈ ನಂಬಿಕೆಯನ್ನು ಬಲವಾಗಿ ಅಲುಗಿಸಿದವನು 19ನೆಯ ಶತಮಾನದ ವಿಯೆನ್ನಾ ನಗರದ ಫರ್ಡಿನೆಂಡ್ ಹೆಬ್ರಾ. ಜಾಪಾಳದ ಎಣ್ಣೆಯನ್ನು ಹಚ್ಚಿ, ನೆಟ್ಟಗಿದ್ದ ಚರ್ಮದ ಮೇಲೆಯೇ ಅವನು ಇಸುಬನ್ನು ಎಬ್ಬಿಸಿ ತೋರಿಸಿದನು. ಹೊರಗಿನ ಉಪದ್ರವದಿಂದಲೇ ರೋಗ ಬರುವುದಾದರೆ, ಹೊರಗಿನಿಂದಲೇ ಮದ್ದು ಮಾಡಬಹುದಲ್ಲವೆ?

ಆದರೆ ವಿಷಯ ಅಷ್ಟಕ್ಕೆ ತೀರಲಿಲ್ಲ. 1892ರಲ್ಲಿ ಪ್ಯಾರಿಸಿನ ಅರ್ನೆಸ್ಟ್ ಬೆನ್ಯೆ ಎಂಬಾತನು, ಶೈಶವದಲ್ಲಿಯೇ ತೊಡಗಿ ಮರುಕಳಿಸುವ ಒಂದು ಬಗೆಯ ತುರಿಯನ್ನು ಬೇರ್ಪಡಿಸಿ ವರ್ಣಿಸಿದನು. ಅದು ವಂಶದಲ್ಲಿ ಹರಿಯುವುದು. ಉಬ್ಬಸ, ಪರಾಗದ ನೆಗಡಿಗಳು ಅದರ ಒಡನಾಡಿಗಳು. ಹಾಗಾದರೆ ಅಜ್ಜಿಯ ಕಣ್ಣು ತಪ್ಪಿರಲಿಲ್ಲ! ಇಸುಬಿದ್ದ ಮಗುವಿಗೆ ಉಬ್ಬಸ ಬಂದುದನ್ನು ಆಕೆ ಕಂಡದ್ದು ನಿಜ. ಮುಲಾಮಿನ ಮೇಲೆ ಅಪರಾಧ ಹೊರಿಸಿದ್ದು ಮಾತ್ರ ತಪ್ಪು. 1923ರಲ್ಲಿ ಅಮೆರಿಕದ ಕೋಕಾ ಮತ್ತು ಕುಕ್ ಈ ಪ್ರವೃತ್ತಿಗೆ 'ಅಟೋಪಿ' ಎಂದು ಹೆಸರಿಟ್ಟರು. 1933ರಲ್ಲಿ ವೈಸ್ ಮತ್ತು ಸಲ್ಜ್‌ಬರ್ಗರ್ ಚರ್ಮರೋಗಕ್ಕೆ ಅದೇ ಹೆಸರನ್ನು ಸೇರಿಸಿದರು. 1952ರಲ್ಲಿ ಸಲ್ಜ್‌ಬರ್ಗರನೇ ವಿಟ್ಟನ್ನನೊಡನೆ ಹೈಡ್ರೋಕಾರ್ಟಿಸೋನಿನ ಲೇಪದ ಗುಣವನ್ನು ಪ್ರಕಟಿಸಿದನು.

2006ರಲ್ಲಿ ಸ್ಕಾಟ್ಲೆಂಡಿನ ಡಂಡಿಯ ಸಂಶೋಧಕರು ಕಂಡುಕೊಂಡದ್ದು ಹಳೆಯ ಮಾತನ್ನೇ ತಲೆಕೆಳಗು ಮಾಡುವಂತಹುದು. ಚರ್ಮದ ಹೊರಪದರವನ್ನು ಗಟ್ಟಿಗೊಳಿಸಿ ತೇವವನ್ನು ಕಾಯುವ ಫಿಲಾಗ್ರಿನ್ ಎಂಬ ಪ್ರೋಟೀನು ಹಲವು ರೋಗಿಗಳಲ್ಲಿ ಹುಟ್ಟಿನಿಂದಲೇ ಕೊರೆಯಾಗಿರುತ್ತದೆ. ಒಳಗಿನ ಕೊಳೆ ಹೊರಬರುತ್ತಿದೆಯೆಂದು ನಾವು ಕಾಯುತ್ತ ಕುಳಿತಾಗ, ಬಿರುಕುಬಿಟ್ಟ ಗೋಡೆಯಿಂದ ಹೊರಗಿನ ಧೂಳು, ಕ್ರಿಮಿಗಳೇ ಒಳನುಗ್ಗುತ್ತಿರುತ್ತವೆ.

ಆದುದರಿಂದ ಆರೈಕೆಯೆಂದರೆ ಮೊದಲು ಗೋಡೆಯ ದುರಸ್ತಿ: ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಮುಗಿಯುವ ಸ್ನಾನ, ಮೈಯ ತೇವ ಆರುವ ಮುನ್ನವೇ ಜಿಡ್ಡಿನ ಲೇಪ, ಉಣ್ಣೆಗೆ ಬದಲು ಹತ್ತಿಯ ಬಟ್ಟೆ. ಉರಿ ಕೆರಳಿದಾಗ ಸ್ಟೀರಾಯ್ಡ್ ಮುಲಾಮನ್ನು ವೈದ್ಯರು ಹೇಳಿದಷ್ಟು ದಿನ ಹಚ್ಚಬೇಕು. ಹೆದರಿ ಅರ್ಧಕ್ಕೆ ಬಿಡುವುದೂ, ಅಂಗಡಿಯಿಂದ ತಾನೇ ತಂದು ತಿಂಗಳುಗಟ್ಟಲೆ ಬಳಿಯುವುದೂ ಸಲ್ಲದು. ಇದು ಅಂಟುರೋಗವಲ್ಲ, ಮಗುವನ್ನು ಓರಗೆಯವರಿಂದ ದೂರವಿಡಬೇಕಾಗಿಲ್ಲ. ಅನೇಕ ಮಕ್ಕಳಲ್ಲಿ ಬೆಳೆದಂತೆ ಇದು ತಗ್ಗುವುದು. ಕೆಲವರಲ್ಲಿ ಮಾತ್ರ ಹರೆಯ ಕಳೆದ ಮೇಲೆ, ದಿನವೂ ಸಾಬೂನು ನೀರಿನಲ್ಲಿ ಮುಳುಗುವ ಕೈಗಳ ಮೇಲೆ, ಮತ್ತೆ ತಲೆಯೆತ್ತುತ್ತದೆ.