ಪೊಲೀಸರು ಅಟ್ಟಿಸಿಕೊಂಡು ಬರದಿದ್ದರೆ ಏನು ಮಜಾ?

"ದಿನವಿಡೀ ಕಾರು ಕದಿಯೋದು, ದಾರಿಹೋಕರಿಗೆ ಗುದ್ದೋದು... ಅದರಲ್ಲಿ ಅದೇನು ಸುಖವೋ!" ಮಗ ಕಂಪ್ಯೂಟರಿನಲ್ಲಿ ಗ್ರ್ಯಾಂಡ್ ಥೆಫ್ಟ್ ಆಟೋ, ಅಂದರೆ ಜಿಟಿಎ, ಆಡುತ್ತಾ ಕೂತ ಮನೆಗಳಲ್ಲಿ ಈ ಮಾತು ಬಂದೇ ಬರುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಬೇಕಿದ್ದರೆ ಆಟ ಹುಟ್ಟಿದ ಕಥೆ ಕೇಳಬೇಕು.

ಸ್ಕಾಟ್ಲೆಂಡಿನ ಡಂಡೀ ಊರಿನಲ್ಲಿ ಡೇವಿಡ್ ಜೋನ್ಸ್ ಕಟ್ಟಿದ ಡಿಎಂಎ ಡಿಸೈನ್ ಎಂಬ ಕಂಪನಿ 1991ರಲ್ಲಿ 'ಲೆಮ್ಮಿಂಗ್ಸ್' ಎಂಬ ಮುದ್ದು ಆಟದಿಂದ ಹೆಸರು ಮಾಡಿತ್ತು. 1995ರಲ್ಲಿ ಅವರು 'ರೇಸ್ ಎನ್ ಚೇಸ್' ಎಂಬ ಹೊಸ ಆಟಕ್ಕೆ ಕೈಹಾಕಿದರು. ಅದರಲ್ಲಿ ನೀವು ಕಳ್ಳನೂ ಆಗಬಹುದಿತ್ತು, ಪೊಲೀಸನೂ ಆಗಬಹುದಿತ್ತು. ಆದರೆ ಆಟ ಸಪ್ಪೆ! ಆಗ ಒಂದು ತಮಾಷೆ ನಡೆಯಿತು. ಪ್ರೋಗ್ರಾಮಿನಲ್ಲಿದ್ದ ದೋಷದಿಂದ ಪೊಲೀಸ್ ಕಾರುಗಳಿಗೆ ಹುಚ್ಚು ಹಿಡಿದಂತಾಗಿ, ಅಡ್ಡಗಟ್ಟುವ ಬದಲು ನೇರ ಬಂದು ಆಟಗಾರನಿಗೆ ಗುದ್ದತೊಡಗಿದವು. ಪರೀಕ್ಷೆಗೆ ಕೂತವರಿಗೆ ಅದೇ ಇಷ್ಟವಾಯಿತು. ಪೊಲೀಸನ ಪಾತ್ರ ಕೈಬಿಟ್ಟು, ಹೆಸರು ಬದಲಾಯಿಸಿ, 1997ರಲ್ಲಿ ಆಟ ಹೊರಬಂತು. ಇದರ ಮೂಲ ಹಳೇ 'ಪ್ಯಾಕ್ ಮ್ಯಾನ್' ಎಂದು ಜೋನ್ಸ್ ಹೇಳಿದ್ದುಂಟು. ಅಲ್ಲಿ ಚುಕ್ಕಿ ನುಂಗುತ್ತಾ ಭೂತಗಳಿಂದ ತಪ್ಪಿಸಿಕೊಳ್ಳಬೇಕು, ಇಲ್ಲಿ ಆ ಭೂತಗಳೇ ಪೊಲೀಸರು.

ಗಮನಿಸಿ, ಮಜಾ ಹುಟ್ಟಿದ್ದು ಕಳ್ಳತನದಿಂದಲ್ಲ, ಬೆನ್ನಟ್ಟುವವರಿಂದ.

2001ರಲ್ಲಿ ಬಂದ ಜಿಟಿಎ 3 ನಮ್ಮನ್ನು ಆಕಾಶದಿಂದ ಬೀದಿಗಿಳಿಸಿತು. ಅದುವರೆಗೆ ಮೇಲಿನಿಂದ ಕಾಣುತ್ತಿದ್ದ ಲಿಬರ್ಟಿ ಸಿಟಿ ಈಗ ಎದುರಿಗೇ ನಿಂತಿತ್ತು. ಮಳೆ ಬರುತ್ತದೆ, ರೇಡಿಯೋ ಹಾಡುತ್ತದೆ, ತಪ್ಪು ಮಾಡಿದರೆ ಪರದೆಯ ಮೂಲೆಯಲ್ಲಿ ನಕ್ಷತ್ರಗಳು ಹೊತ್ತಿಕೊಳ್ಳುತ್ತವೆ. ಒಂದು ನಕ್ಷತ್ರವಾದರೆ ಬೀದಿಯ ಪೊಲೀಸ್, ಆರಾದರೆ ಸೈನ್ಯ! ಗ್ಯಾರೇಜಿಗೆ ನುಗ್ಗಿ ಕಾರಿನ ಬಣ್ಣ ಬದಲಿಸಿದರೆ ಬಚಾವ್. ಅಂದರೆ ನೀವು ಏನೇ ಮಾಡಿದರೂ ಊರು ಉತ್ತರ ಕೊಡುತ್ತದೆ.

ಮರುವರ್ಷ ಬಂದ ವೈಸ್ ಸಿಟಿ ನಮ್ಮ ಪುಣೆಯ ಸೈಬರ್ ಕೆಫೆಗಳನ್ನು ಎಷ್ಟು ವರ್ಷ ಆಳಿತೋ! ಹುಡುಗರು ಚೀಟ್ ಕೋಡುಗಳನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದುಕೊಂಡು ಬರುತ್ತಿದ್ದರು. 'ಪ್ಯಾಂಜರ್' ಎಂದು ಒತ್ತಿದರೆ ಟ್ಯಾಂಕ್ ಪ್ರತ್ಯಕ್ಷ, 'ಲೀವ್ ಮಿ ಅಲೋನ್' ಎಂದರೆ ಪೊಲೀಸರು ಮಾಯ. ಪೊಲೀಸರು ಮಾಯವಾದ ಹತ್ತೇ ನಿಮಿಷಕ್ಕೆ ಹುಡುಗರು ಆಕಳಿಸುತ್ತಿದ್ದದ್ದನ್ನು ನಾನೇ ನೋಡಿದ್ದೇನೆ. ಆಮೇಲೆ ಅವರೇ ಬೇಕಂತ ಪೊಲೀಸರನ್ನು ಕೆಣಕುತ್ತಿದ್ದರು! ಇನ್ನು ಕೆಲವರು ಕೊಲೆ ದರೋಡೆ ಬಿಟ್ಟು ಟ್ಯಾಕ್ಸಿ ಓಡಿಸುತ್ತಿದ್ದರು, ಪಿಜ್ಜಾ ಹಂಚುತ್ತಿದ್ದರು, ಆಂಬುಲೆನ್ಸಿನಲ್ಲಿ ರೋಗಿಗಳನ್ನು ಸಾಗಿಸುತ್ತಿದ್ದರು. ಅದಕ್ಕೂ ಆಟದಲ್ಲಿ ಜಾಗವಿತ್ತು.

ಅದೇ 2002ರಲ್ಲಿ ಚೆಕ್ ದೇಶದವರ 'ಮಾಫಿಯಾ' ಬಂತು. ಅದರಲ್ಲಿ ಸಿಗ್ನಲ್ ಮುರಿದರೂ, ವೇಗ ಮೀರಿದರೂ ಪೊಲೀಸರು ಹಿಡಿದು ದಂಡ ಹಾಕುತ್ತಾರೆ. ಗ್ಯಾಂಗ್‌ಸ್ಟರ್‌ಗೂ ಚಲನ್! ಆದರೂ ಜನ ಅದನ್ನು ಮೆಚ್ಚಿ ಆಡಿದರು. ಕಾನೂನು ಬಿಗಿಯಿದ್ದಷ್ಟೂ ತಪ್ಪಿಸಿಕೊಳ್ಳುವ ರುಚಿ ಹೆಚ್ಚು.

ನಮ್ಮಂಥ ವಲಸಿಗರಿಗೆ ನಾಟುವುದು 2008ರ ಜಿಟಿಎ 4. ಪೂರ್ವ ಯುರೋಪಿನ ನಿಕೋ ಬೆಲಿಕ್ ಹಡಗಿನಲ್ಲಿ ಲಿಬರ್ಟಿ ಸಿಟಿಗೆ ಬಂದಿಳಿಯುತ್ತಾನೆ. ಬಂಗಲೆ, ಭರ್ಜರಿ ಕಾರು ಎಂದೆಲ್ಲ ಕೊಚ್ಚಿಕೊಂಡಿದ್ದ ಅಣ್ಣತಮ್ಮಂದಿರ ಪೈಕಿಯ ರೋಮನ್‌ಗೆ ಇರುವುದು ಜಿರಲೆ ಓಡಾಡುವ ಪುಟ್ಟ ಖೋಲಿ, ಮುರುಕಲು ಟ್ಯಾಕ್ಸಿ ಕಂಪನಿ, ತಲೆ ಮೇಲೆ ಸಾಲ. ಊರಿಗೆ ಬರೆದ ಕಾಗದಕ್ಕೂ ನಗರದ ಖೋಲಿಗೂ ಇರುವ ಅಂತರ ನಮಗೆ ಗೊತ್ತಿಲ್ಲದ್ದೇ? ನಿಕೋನ ಜೊತೆ ನಾವೂ ಗಲ್ಲಿ ಗಲ್ಲಿ ಅಲೆದು ದಾರಿ ಕಲಿಯುತ್ತೇವೆ. ಮೊದಮೊದಲು ನಕ್ಷೆ ನೋಡಿ, ಆಮೇಲೆ ಸೇತುವೆ ನೋಡಿ, ಕೊನೆಗೆ ಅಭ್ಯಾಸಬಲದಿಂದ. ಪರವೂರು ನಿಧಾನವಾಗಿ ನಮ್ಮೂರಾಗುವ ಆ ಸುಖವೇ ಈ ಆಟಗಳ ನಿಜವಾದ ಬಂಡವಾಳ.

ಹಾಗಂತ ಎಲ್ಲಕ್ಕೂ ಮಾಫಿ ಇಲ್ಲ. ಹೆಂಗಸರನ್ನು ತೋರಿಸುವ ರೀತಿ, ಸುರಿಯುವ ರಕ್ತ, ಇವು ಎಳೆಯ ಮಕ್ಕಳಿಗಲ್ಲ. ಇದು ದೊಡ್ಡವರ ಆಟವೆಂದು ಡಬ್ಬಿಯ ಮೇಲೇ ಬರೆದಿರುತ್ತದೆ, ಓದುವವರು ಕಡಿಮೆ ಅಷ್ಟೇ. ಮಗನನ್ನು ಬೈಯುವ ಮೊದಲು ಹತ್ತು ನಿಮಿಷ ಪಕ್ಕದಲ್ಲಿ ಕೂತು ನೋಡಿ. ಅವನು ಗುದ್ದುತ್ತಿದ್ದಾನೋ, ಊರು ಸುತ್ತುತ್ತಿದ್ದಾನೋ? ಬೈಯಬೇಕೋ ಬೇಡವೋ ಆಮೇಲೆ ನೀವೇ ತೀರ್ಮಾನಿಸಿ.