ಮನಿಗೆಲಸದ ಪಗಾರದ ಕಥಿ

ಅಕ್ಕಾರ, ತಂಗ್ಯಾರ, ಮನಿಗೆಲಸದ ಪಗಾರಕ್ಕೂ ಒಂದು ಇತಿಹಾಸ ಐತಿ ನೋಡ್ರಿ. ನಮ್ಮ ಅಜ್ಜಿ ಕಾಲಕ್ಕ ಭಾಂಡೆ ತಿಕ್ಕಾಕಿಗೆ ರೊಕ್ಕಕ್ಕಿಂತ ಜ್ವಾಳ, ಉಳದ ರೊಟ್ಟಿ, ಹಬ್ಬಕ್ಕೊಂದು ಹಳೇ ಸೀರಿನ ಹೆಚ್ಚು. ಆದ್ರ ಆಕಿ ಊರಾಕಿ, ಬಂಧು-ಬಳಗ ಬೆನ್ನಿಗಿತ್ತು. ಮಳಿ ಕೈಕೊಟ್ಟು ರಾಯಚೂರು, ಯಾದಗಿರಿ ಕಡಿಂದ ಬೆಂಗಳೂರಿಗೆ ಗುಳೆ ಹೋದಾಕಿಗೆ ಆ ಬೆನ್ನಿಲ್ಲ. ಶೆಡ್ಡಿನ ಬಾಡಗಿ, ಬಸ್ಸಿನ ಖರ್ಚು, ಎಲ್ಲಾ ರೊಕ್ಕದಾಗನ ಆಗಬೇಕು.

1948ರ ಕನಿಷ್ಠ ವೇತನ ಕಾಯ್ದೆ ಪಟ್ಟಿಯೊಳಗಿದ್ದ ಕೆಲಸಕ್ಕಷ್ಟ ಅನ್ವಯ ಆಗತಿತ್ತು. ಮನಿಗೆಲಸ ಆ ಪಟ್ಟಿಯೊಳಗ ಇರಲಿಲ್ಲ. ಕೆಲಸದ ಹೆಣ್ಣುಮಕ್ಕಳು ಸಂಘ ಕಟ್ಟಿ ವರ್ಷಾನುಗಟ್ಟಲೆ ಕೇಳಿದ ಮ್ಯಾಲೆ, 2004ರಾಗ ನಮ್ಮ ಕರ್ನಾಟಕ ಸರಕಾರ ಇದಕ್ಕೂ ಕನಿಷ್ಠ ಕೂಲಿ ಗೊತ್ತು ಮಾಡ್ತು. 2011ರ ಜೂನ್ 16ಕ್ಕ ಜಿನೀವಾದಾಗ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 189ನೇ ಒಪ್ಪಂದ ಪಾಸು ಮಾಡ್ತು. ಮನಿಗೆಲಸದವರೂ ಕಾರ್ಮಿಕರ, ವಾರಕ್ಕೊಮ್ಮೆ ಕನಿಷ್ಠ 24 ತಾಸು ಸಲಗ ಬಿಡುವು ಬೇಕು ಅಂತ ಅದರಾಗ ಐತಿ. ಭಾರತ ಅದರ ಪರ ಮತ ಹಾಕಿತು. ಅಂಗೀಕಾರ ಮಾತ್ರ ಮಾಡಿಲ್ಲ.

ಕಾರ್ಖಾನಿಗೆ ಬರೋ ಇನ್ಸ್‌ಪೆಕ್ಟರ್ ನಮ್ಮ ಅಡಿಗಿಮನಿಗೆ ಬರಂಗಿಲ್ರಿ. ಅಲ್ಲೆ ಪಗಾರ ಗೊತ್ತು ಮಾಡಾಕಿ, ಸೂಟಿ ಕೊಡಾಕಿ ನಾವ. ಹಂಗಾಗಿ ಕೆಲಸ, ತಾಸು, ಪಗಾರ, ವಾರದ ಸೂಟಿ ಮೊದಲ ಮಾತಾಡಿ ಬರದಿಡೂದು ಚಲೋ. ನೆಂಟರು ಬಂದು ಕೆಲಸ ಹೆಚ್ಚಾದ್ರ ರೊಕ್ಕಾನೂ ಹೆಚ್ಚು ಕೊಡಬೇಕು. ‘ಮನಿ ಮಗಳಿದ್ದಂಗ’ ಅಂತೀವಲ್ಲ, ಜ್ವರ ಬಂದ ದಿನ ಮಗಳ ಕೈಲೆ ಭಾಂಡೆ ತಿಕ್ಕಸ್ತೀವೇನ್ರಿ?